ಇಪ್ಪತ್ತನೇ ಸಾಲು

ಜಾಗ ಇತ್ತು. ಆ ಕಂಪ್ಯೂಟರಿನಲ್ಲಿ ಇನ್ನೊಂದು ಸಾಲು ಹಿಡಿಸುವಷ್ಟು ಜಾಗ ಖಂಡಿತ ಇತ್ತು. ಇದ್ದೂ ನಾನು ನಾಗರತ್ನಮ್ಮನವರ ಹೆಸರಿದ್ದ ಸಾಲನ್ನು ಅಳಿಸಿದೆ. ಆಮೇಲೆ ಅವರ ಮುಖ ನೋಡಿಕೊಂಡೇ "ಜಾಗ ಸಾಲ್ಲಿಲ್ಲ ರತ್ನಕ್ಕ" ಎಂದೆ. ಅವರು ನಂಬಿದರು. ನಂಬುತ್ತಾರೆಂದು ಗೊತ್ತಿದ್ದೇ ಹೇಳಿದ್ದೆ — ಕಂಪ್ಯೂಟರಿನ ವಿಷಯದಲ್ಲಿ ಆ ಶಾಲೆಯಲ್ಲಿ ನಾನು ಏನು ಹೇಳಿದರೂ ಎದುರು ಮಾತಾಡುವವರು ಯಾರೂ ಇರಲಿಲ್ಲ.

ನನ್ನ ತಪ್ಪು ಇಷ್ಟೇ. ಬರೆದು ನೋಡಿದರೆ ನಾಲ್ಕೈದು ಸಾಲಾಯಿತು. ಆದರೆ ಅದನ್ನು ಸರಿಯಾಗಿ ಹೇಳಬೇಕಾದರೆ ಆ ವರ್ಷದ ಸಂತೋಷವನ್ನೂ ಹೇಳಬೇಕು. ನನ್ನ ನೌಕರಿಯ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಅಷ್ಟು ನಕ್ಕ ವರ್ಷ ಇನ್ನೊಂದಿಲ್ಲ. ಆ ನಗು ಕೊಟ್ಟವರಿಗೇ ನಾನು ಹಾಗೆ ಮಾಡಿದೆನಲ್ಲ —

ಎಂಬತ್ತರ ದಶಕದ ನಡುಭಾಗ. ತರೀಕೆರೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಲೆಕ್ಕದ ಟೀಚರ್ ಆಗಿದ್ದೆ. ಹೆಸರು ಸುಮಂಗಲಾ, ವಯಸ್ಸು ಇಪ್ಪತ್ತಾರು, ಮನೆ ಅಜ್ಜಂಪುರ. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಶಾಲೆ ಬಿಡುತ್ತಿದ್ದದ್ದು ನಾಲ್ಕೂವರೆಗೆ, ಬಸ್ಸು ಹೊರಡುತ್ತಿದ್ದದ್ದು ನಾಲ್ಕೂ ಮುಕ್ಕಾಲಿಗೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬ್ಯಾಗು ಹಿಡಿದು, ಸೀರೆ ಎತ್ತಿ ಸಿಕ್ಕಿಸಿಕೊಂಡು, ದಾರಿಗೆ ಅಡ್ಡ ಬರುವ ಮೇಕೆಗಳನ್ನು ಬೈಯುತ್ತಾ ನಾನು ಬಸ್ ಸ್ಟ್ಯಾಂಡಿಗೆ ಓಡುವುದನ್ನು ನೋಡಿ ಅಂಗಡಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಾರೆ ಎಂದು ನಮ್ಮ ಮಕ್ಕಳು ತಮಾಷೆ ಮಾಡುತ್ತಿದ್ದರು.

ಆ ವರ್ಷ ಸರ್ಕಾರದ ಒಂದು ಯೋಜನೆಯಲ್ಲಿ ಶಾಲೆಗೆ ಎರಡು ಕಂಪ್ಯೂಟರ್ ಬಂದವು. ಲೆಕ್ಕದ ಟೀಚರ್ ಎಂಬ ಒಂದೇ ಕಾರಣಕ್ಕೆ ನನ್ನನ್ನು ಮೈಸೂರಿಗೆ ಮೂರು ವಾರದ ತರಬೇತಿಗೆ ಕಳಿಸಿದರು. ತಿರುಗಿ ಬರುವಷ್ಟರಲ್ಲಿ ಹೆಡ್ ಮೇಡಂ ಕಂಪ್ಯೂಟರಿಗೆ ಕೋಣೆ ಗೊತ್ತುಮಾಡಿದ್ದರು. ಅದು ಹೊಲಿಗೆ ಕೋಣೆ. ಇಡೀ ಶಾಲೆಯಲ್ಲಿ ತಾರಸಿ ಇದ್ದದ್ದು ಅದೊಂದಕ್ಕೇ. ಮಿಕ್ಕೆಲ್ಲ ಹೆಂಚಿನವು, ಧೂಳು ಉದುರುತ್ತಿತ್ತು. ಕಾಲಲ್ಲಿ ತುಳಿಯುವ ಮೂರು ಹೊಲಿಗೆ ಮಿಷನ್ನುಗಳೂ ಜಗುಲಿಗೆ ಬಂದು ಕೂತಿದ್ದವು. ಅವುಗಳ ಜೊತೆ ಹೊಲಿಗೆ ಟೀಚರ್ ನಾಗರತ್ನಮ್ಮನವರೂ.

ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು ರತ್ನಕ್ಕ ಎಂದೇ. ನನಗಿಂತ ಹದಿಮೂರು ವರ್ಷ ದೊಡ್ಡವರು. ಪರೀಕ್ಷೆ ಇಲ್ಲದ ವಿಷಯದ ಟೀಚರ್ ಆದ್ದರಿಂದ ಸ್ಟಾಫ್ ರೂಮಿನಲ್ಲಿ ಅವರದು ಬಾಗಿಲ ಪಕ್ಕದ ಕುರ್ಚಿ. ಯಾರು ರಜ ಹಾಕಿದರೂ ಅವರ ತರಗತಿಗೆ ಹೋಗಿ ಕೂರುವ ಕೆಲಸ ರತ್ನಕ್ಕನದು. ಆದರೆ ಚೌಕ ಚೌಕ ನೇಯ್ಗೆಯ ಮ್ಯಾಟಿ ಬಟ್ಟೆಯ ಮೇಲೆ ಅವರು ಹಾಕಿದ ಕ್ರಾಸ್ ಸ್ಟಿಚ್ ಗಿಳಿಗಳು ತರೀಕೆರೆಯ ಅದೆಷ್ಟೋ ಮನೆಗಳಲ್ಲಿ ರೇಡಿಯೊಗಳ ಮೇಲೆ ಕೂತಿದ್ದವು. ಪುಸ್ತಕ ನೋಡಿ ಹಾಕಿದ ಗಿಳಿಗಳಲ್ಲ ಅವು. ಒಂದೊಂದರ ಕತ್ತು ಒಂದೊಂದು ಕಡೆ ತಿರುಗಿರುತ್ತಿತ್ತು.

ಮೊದಲ ತಿಂಗಳು ನನ್ನ ಕಂಪ್ಯೂಟರ್ ಪಾಠ ನೆಲ ಕಚ್ಚಿತು. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದುಕೊಂಡು, ಗರ್ಭಗುಡಿಗೆ ಬರುವ ಹಾಗೆ ಒಳಗೆ ಬರುತ್ತಿದ್ದ ಮಕ್ಕಳು ಪರದೆಯ ಮೇಲೆ ಹದಿನೇಳರ ಮಗ್ಗಿ ನೋಡಿ ಸಪ್ಪೆ ಮುಖ ಮಾಡಿಕೊಂಡು ಹೋಗುತ್ತಿದ್ದರು. ನಾನು ತರಬೇತಿಯಲ್ಲಿ ಕೊಟ್ಟಿದ್ದ ಪುಸ್ತಕ ತಿರುವಿಹಾಕಿದೆ. ಒಂದು ಅಧ್ಯಾಯದಲ್ಲಿ ಸ್ವಂತ ಚಿತ್ರ ಮಾಡುವುದು ಹೇಗೆಂದು ಇತ್ತು. ಅಡ್ಡ ಎಂಟು, ಉದ್ದ ಎಂಟು ಚೌಕ. ಬೇಕಾದ ಚೌಕ ತುಂಬಬೇಕು. ಪ್ರತಿ ಸಾಲಿನಲ್ಲೂ ಮೊದಲ ಚೌಕಕ್ಕೆ ನೂರ ಇಪ್ಪತ್ತೆಂಟು, ಎರಡನೆಯದಕ್ಕೆ ಅರವತ್ತನಾಲ್ಕು, ಹೀಗೆ ಅರ್ಧರ್ಧವಾಗುತ್ತಾ ಕೊನೆಯದಕ್ಕೆ ಒಂದು. ತುಂಬಿದವನ್ನು ಕೂಡಿದರೆ ಸಾಲಿಗೊಂದು ಸಂಖ್ಯೆ. ಎಂಟು ಸಾಲಿಗೆ ಎಂಟು ಸಂಖ್ಯೆ. ಅಷ್ಟನ್ನು ಕಂಪ್ಯೂಟರಿಗೆ ಹೇಳಿಬಿಟ್ಟರೆ ಚಿತ್ರ ಪರದೆಗೆ ಬರುತ್ತದೆ.

ಕೂಡುವುದು ನನಗೆ ಕಷ್ಟವೇ? ಗ್ರಾಫ್ ಹಾಳೆಯ ಮೇಲೆ ಒಂದು ಮೇಕೆ ಬರೆದೆ. ಸಂಖ್ಯೆ ಕೂಡಿದೆ. ಗುಂಡಿ ಒತ್ತಿದೆ. ಬಂತು.

ಅದೇ ಹೊತ್ತಿಗೆ ರತ್ನಕ್ಕ ಬೀರುವಿನಿಂದ ದಾರದ ಡಬ್ಬಿ ತೆಗೆದುಕೊಳ್ಳಲು ಒಳಗೆ ಬಂದರು. ಪರದೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು.

"ಇದೇನೇ ಸುಮಾ, ಕಾಲು ಮುರಿದ ಮಂಚಾನಾ?"

"ಮೇಕೆ, ರತ್ನಕ್ಕ."

"ಮೇಕೆ!" ಅವರು ಬೀರುವಿಗೆ ಒರಗಿಕೊಂಡು ನಕ್ಕರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಎಷ್ಟು ಮನೆ ಕೊಟ್ಟವ್ರೆ ನಿಂಗೆ?" ಎಂದು ಕೇಳಿದರು. ಕ್ರಾಸ್ ಸ್ಟಿಚ್‌ನವರ ಲೆಕ್ಕದಲ್ಲಿ ಚೌಕಕ್ಕೆ ಮನೆ ಎನ್ನುತ್ತಾರೆ.

"ಎಂಟಕ್ಕೆ ಎಂಟು. ಅಷ್ಟರಲ್ಲಿ ಏನು ಬರುತ್ತೆ ಹೇಳಿ?"

"ಬೇಕಾದಷ್ಟಾಯ್ತು. ಕೊಡು ಇಲ್ಲಿ ಪೆನ್ಸಿಲ್ಲು. ಮೈ ಇಷ್ಟು ದಪ್ಪ ಯಾಕೆ ಮಾಡ್ದೆ? ಎರಡು ಸಾಲು ಸಾಕು. ಕಣ್ಣು ಬರೀಬೇಡ ಕಣೇ, ಕಣ್ಣಿರೋ ಕಡೆ ಒಂದು ಮನೆ ಬಿಟ್ಬಿಡು. ಗಡ್ಡಕ್ಕೆ ಒಂದು. ಬಾಲ ಮೇಲಕ್ಕೆ. ಮೇಕೆ ಬಾಲ ಯಾವತ್ತಾದ್ರೂ ಕೆಳಗೆ ಬಿಟ್ಕೊಂಡಿರೋದು ನೋಡಿದೀಯಾ?"

ಎರಡು ನಿಮಿಷವೂ ಹಿಡಿಯಲಿಲ್ಲ. ನಾನು ಕೂಡಿ ಸಂಖ್ಯೆ ಹಾಕಿದೆ. ಪರದೆಯ ಮೇಲೆ ಬಂದು ನಿಂತದ್ದು ಮೇಕೆ, ಸಾಕ್ಷಾತ್ ಮೇಕೆ. ಯಾರದೋ ಅಂಗಡಿಯ ಬಾಳೆಹಣ್ಣಿನ ಗೊನೆಗೆ ಬಾಯಿ ಹಾಕಿ ಈಗಷ್ಟೇ ಓಡಿಬಂದ ಮೇಕೆಯ ಮುಖ ಅದಕ್ಕಿತ್ತು. ರತ್ನಕ್ಕ ದಾರದ ಡಬ್ಬಿ ಮರೆತು ಸ್ಟೂಲು ಎಳೆದುಕೊಂಡು ಕೂತರು. ಅವರ ಕೋಣೆಗೆ ಅವರು ಹೀಗೆ ಮತ್ತೆ ಬಂದರು — ಆ ದಿನ ನನಗೆ ಹಾಗನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ.

ಮಾರನೆಯ ದಿನ ಅವರು ಇನ್ನೊಂದು ಹಾಳೆ ತಂದರು. ಅದೇ ಮೇಕೆ, ಆದರೆ ಮುಂಗಾಲು ಎತ್ತಿದೆ. "ಒಂದಾದ್ಮೇಲೆ ಒಂದು ತೋರ್ಸಕ್ಕಾಗುತ್ತೇನೇ?" ಎಂದರು. ಆಗುತ್ತದೆ ಎಂದು ಪುಸ್ತಕದಲ್ಲೂ ಇತ್ತು. ಮೊದಲನೆಯದನ್ನು ತೋರಿಸು, ಅಳಿಸು, ಪಕ್ಕದಲ್ಲಿ ಎರಡನೆಯದನ್ನು ತೋರಿಸು, ಅಳಿಸು. ಅಷ್ಟು ಬರೆದು ಓಡಿಸಿದೆ. ಮೇಕೆ ಪರದೆಯ ಈ ತುದಿಯಿಂದ ಆ ತುದಿಗೆ ಟುಕುಟುಕು ನಡೆದು ಹೋಯಿತು.

"ನಡೀತದೆ ಕಣೇ! ಲೇ, ನಡೀತದೆ!" ರತ್ನಕ್ಕ ನನ್ನ ಭುಜ ಹಿಡಿದು ಅಲುಗಾಡಿಸಿದರು. ಇಪ್ಪತ್ತು ವರ್ಷದಿಂದ ಬಟ್ಟೆಯ ಮೇಲೆ ಹಕ್ಕಿ, ಹೂವು, ಜಿಂಕೆ ಹಾಕಿದವರು. ಹಾಕಿದ ಕಡೆಯಿಂದ ಅವು ಒಂದಿಂಚು ಅಲುಗಿದ್ದಿಲ್ಲ. ಜಗುಲಿಯಲ್ಲಿದ್ದ ಮಕ್ಕಳೆಲ್ಲ ಒಳನುಗ್ಗಿದರು. ಚಪ್ಪಲಿ ಬಿಡುವುದು ಯಾರಿಗೂ ನೆನಪಾಗಲಿಲ್ಲ. ಆ ಮೇಕೆಯನ್ನು ಅವತ್ತು ನಲವತ್ತು ಸಲವಾದರೂ ನಡೆಸಿರಬೇಕು.

ಅಲ್ಲಿಂದ ಶುರುವಾಯಿತು ನಮ್ಮ ಆಟ. ಹೆಸರು 'ಅಜ್ಜಂಪುರ ಬಸ್ಸು'. ಒಬ್ಬಾಕೆ ಪೇಟೆ ಬೀದಿಯಲ್ಲಿ ಮೇಕೆಗಳನ್ನು ತಪ್ಪಿಸಿಕೊಂಡು ಓಡಿ, ಕಂಡಕ್ಟರ್ ಸೀಟಿ ಊದುವುದರೊಳಗೆ ಬಸ್ಸು ಹತ್ತಬೇಕು. ಆಕೆಯ ಚಿತ್ರವನ್ನು ರತ್ನಕ್ಕ ನನಗೆ ತೋರಿಸದೆ ಮಾಡಿದರು. ಸಂಖ್ಯೆಗಳನ್ನು ಕೂಡುವಾಗಲೂ ನನಗೆ ಗೊತ್ತಾಗಲಿಲ್ಲ. ಪರದೆಗೆ ಬಂದಾಗ ನೋಡಿದರೆ — ತಲೆಯ ಹಿಂದೆ ಒಂದು ಮನೆಯಷ್ಟು ತುರುಬು, ಮುಂದಕ್ಕೆ ಚಾಚಿದ ಕೊಡೆ, ಹಿಂದೆ ಜೋಲುವ ಬ್ಯಾಗು. ಮಕ್ಕಳು ಕಿರುಚಿದರು: "ಮಿಸ್, ನೀವೇ ಮಿಸ್!"

ನಾನೇ. ಎಂಟು ಸಾಲು ಚೌಕದೊಳಗೆ ನನ್ನ ಓಟ, ಗಾಬರಿ, ಗತ್ತು ಎಲ್ಲ ಇದ್ದವು. ಅಷ್ಟು ಗಮನವಿಟ್ಟು ನನ್ನನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

ಪ್ರೋಗ್ರಾಂ ಹೇಗೆ ನಡೆಯುತ್ತದೆ ಎಂದು ರತ್ನಕ್ಕನಿಗೆ ತಿಳಿದುಕೊಳ್ಳುವ ಆಸೆ. ನಾನು ಹೇಳಿಕೊಟ್ಟೆ. ಪ್ರತಿ ಚಿತ್ರಕ್ಕೂ ಒಂದು ನಂಬರು. ಇನ್ನೂರ ಇಪ್ಪತ್ತನಾಲ್ಕು ಮತ್ತು ಇಪ್ಪತ್ತೈದು ಓಡುವ ನಾನು. ಇಪ್ಪತ್ತಾರು, ಇಪ್ಪತ್ತೇಳು ಮೇಕೆ. ಇಪ್ಪತ್ತೆಂಟು ಬಸ್ಸಿನ ಹಿಂಭಾಗ, ಇಪ್ಪತ್ತೊಂಬತ್ತು ಮುಂಭಾಗ. ಪ್ರೋಗ್ರಾಮಿನ ಆರಂಭದಲ್ಲಿ ಒಂದೇ ಒಂದು ಸಲ, ಇಂಥ ನಂಬರೆಂದರೆ ಇಂಥ ಎಂಟು ಸಂಖ್ಯೆ ಎಂದು ಹೇಳಿಡುತ್ತೇವೆ. ಆಮೇಲೆ ಪ್ರೋಗ್ರಾಮಿನಲ್ಲಿ ಎಲ್ಲೂ ಚಿತ್ರ ಇರುವುದಿಲ್ಲ. 'ಇನ್ನೂರ ಇಪ್ಪತ್ತಾರನ್ನು ಇಲ್ಲಿ ತೋರಿಸು' ಎಂದಷ್ಟೇ ಇರುತ್ತದೆ.

ಅವರಿಗೆ ನಂಬಿಕೆ ಬರಲಿಲ್ಲ. ಆದರೆ ಒಂದು ದಿನ ನಾನೇ ಅವಸರದಲ್ಲಿ ಎಡವಟ್ಟು ಮಾಡಿದೆ. ಇಪ್ಪತ್ತಾರಕ್ಕೆ ಬಸ್ಸಿನ ಹಿಂಭಾಗದ ಸಂಖ್ಯೆಗಳನ್ನು ಕೊಟ್ಟುಬಿಟ್ಟೆ. ಆಟ ಶುರುಮಾಡಿದರೆ ಬೀದಿ ತುಂಬ ಅರ್ಧರ್ಧ ಬಸ್ಸುಗಳು! ಒಂದು ಹೆಜ್ಜೆಗೆ ಬಸ್ಸಿನ ಹಿಂಭಾಗ, ಇನ್ನೊಂದು ಹೆಜ್ಜೆಗೆ ಮೇಕೆ, ಮತ್ತೆ ಬಸ್ಸು, ಮತ್ತೆ ಮೇಕೆ — ಕುಪ್ಪಳಿಸಿಕೊಂಡು ಬರುತ್ತಿದ್ದವು. ಮಕ್ಕಳು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಶಬ್ದ ಕೇಳಿ ಬಂದ ಹೆಡ್ ಮೇಡಂ ಕೂಡ ಬೈಯಲು ಬಾಯಿ ತೆರೆದು ನಕ್ಕುಬಿಟ್ಟರು.

ರತ್ನಕ್ಕ ಮಾತ್ರ ನಗು ನಿಲ್ಲಿಸಿ ಯೋಚಿಸಿದರು. "ಅಂದ್ರೆ ಮೇಕೆ ಅಂತ ಅದಕ್ಕೆ ಗೊತ್ತೇ ಇಲ್ಲ. ಇನ್ನೂರ ಇಪ್ಪತ್ತಾರು ಅಂತ ಮಾತ್ರ ಗೊತ್ತು. ಅಲ್ಲಿ ಮೇಕೆ ಕೂರ್ಸಿದ್ರೆ ಮೇಕೆ, ಬಸ್ ಕೂರ್ಸಿದ್ರೆ ಬಸ್ಸು."

"ಹೂಂ ರತ್ನಕ್ಕ."

"ನಮ್ಮ ಡಿಪಾರ್ಟ್‌ಮೆಂಟ್ ಇದ್ದಂಗೈತೆ ಬಿಡು. ಅವ್ರಿಗೂ ನಾನು ಹೊಲಿಗೆ ಪೋಸ್ಟು ಅಂತ ಗೊತ್ತು, ಅಷ್ಟೇ."

ನಾನು ಎಷ್ಟು ವಿವರಿಸಿದ್ದರೂ ಅಷ್ಟು ಚೆನ್ನಾಗಿ ಯಾರಿಗೂ ಅರ್ಥವಾಗಿರಲಿಲ್ಲ.

ಆಟ ಪೂರ್ತಿಯಾದ ದಿನ ಶುರುವಿನ ಪರದೆ ಮಾಡಿದೆ. ಪ್ರೋಗ್ರಾಮಿನ ಒಂದೊಂದು ಸಾಲಿಗೂ ಹತ್ತು, ಇಪ್ಪತ್ತು ಎಂದು ನಂಬರು ಕೊಡಬೇಕಿತ್ತು. ಹತ್ತನೇ ಸಾಲು ಆಟದ ಹೆಸರಿನ ಕೆಳಗೆ 'ಪ್ರೋಗ್ರಾಂ: ಸುಮಂಗಲಾ' ಎಂದು ತೋರಿಸುತ್ತಿತ್ತು. ಇಪ್ಪತ್ತನೇ ಸಾಲು 'ಚಿತ್ರಗಳು: ನಾಗರತ್ನಮ್ಮ' ಎಂದು. ಕನ್ನಡ ಅಕ್ಷರ ಆ ಕಂಪ್ಯೂಟರಿಗೆ ಬರುತ್ತಿರಲಿಲ್ಲ, ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ. ರತ್ನಕ್ಕ ಒಂದೊಂದೇ ಅಕ್ಷರ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಹಾಕಿಕೊಂಡು ಇನ್ನೊಂದು ಸಲ ಓದಿದರು. "ಚೆನ್ನಾಗೈತೆ" ಎಂದಷ್ಟೇ ಹೇಳಿ ಜಗುಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಮಕ್ಕಳ ಕೈಲಿ ಒಂದು ಬಟ್ಟಲು ಕೊಬ್ಬರಿ ಮಿಠಾಯಿ ಬಂತು.

ಇನ್ನು ನನ್ನ ಮನಸ್ಸಿನಲ್ಲಿ ನಡೆದದ್ದನ್ನು ಹೇಳಬೇಕು.

ಆಟ ಊರಲ್ಲಿ ಸುದ್ದಿಯಾಯಿತು. ಮಕ್ಕಳ ತಾಯಂದಿರು, ಪಕ್ಕದ ಶಾಲೆಯ ಮೇಷ್ಟ್ರುಗಳು, ಪೋಸ್ಟ್ ಆಫೀಸಿನವರು, ಬಸ್ಸಿನ ಕಂಡಕ್ಟರ್ ಕೂಡ ಬಂದು ನೋಡಿ ಹೋದರು. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಈ ಮೇಕೆ ಯಾರು ಮಾಡಿದ್ದು?" ಮಕ್ಕಳು ಅದನ್ನು 'ರತ್ನಮ್ಮ ಟೀಚರ್ ಆಟ' ಎಂದು ಕರೆಯತೊಡಗಿದರು. ಮೇಕೆ ಡಿಕ್ಕಿ ಹೊಡೆದದ್ದು ಕಂಪ್ಯೂಟರಿಗೆ ಗೊತ್ತಾಗುವಂತೆ ಮಾಡಲು ನಾನು ಎಂಟು ದಿನ ತಲೆ ಕೆಡಿಸಿಕೊಂಡಿದ್ದೆ. ಓಟದ ವೇಗ, ಸೀಟಿಯ ಸದ್ದು, ಎಣಿಕೆ — ಎಲ್ಲ ನನ್ನದು. ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮೈಸೂರಿಗೆ ಹೋಗಿ ಕಲಿತವಳು ನಾನು. ಹೆಸರು ಎಂಟು ಚೌಕ ತುಂಬಿದವರದು. ಹೀಗೆ ನಾನು ನನ್ನೊಳಗೆ ಅಂದುಕೊಂಡೆ. ಹೊರಗೆ ರತ್ನಕ್ಕನ ಜೊತೆ ನಗುತ್ತಲೇ ಇದ್ದೆ. ಒಂದೇ ದಿನದಲ್ಲಿ ಎರಡೂ ಸಾಧ್ಯ ಎಂದು ನನಗೆ ಗೊತ್ತಾದದ್ದು ಆಗಲೇ.

ಕಡೂರಿನಲ್ಲಿ ಶಾಲೆಗಳ ವಸ್ತುಪ್ರದರ್ಶನ ಏರ್ಪಾಟಾಯಿತು. ಇಲಾಖೆಯ ಸಾಹೇಬರು ಬರುತ್ತಾರೆ, ನಮ್ಮ ಆಟ ಇಡಬೇಕು ಎಂದರು ಹೆಡ್ ಮೇಡಂ. ಕಂಡಕ್ಟರ್ ಕೈಬೀಸುವ ಚಿತ್ರ ಒಂದು ಇದ್ದರೆ ಚೆನ್ನ ಎಂದು ರತ್ನಕ್ಕ ಬರೆದುಕೊಟ್ಟರು. ಅದನ್ನು ಸೇರಿಸಿದ ಕೂಡಲೇ ಕಂಪ್ಯೂಟರ್ ಜಾಗವಿಲ್ಲ ಎಂದಿತು. ಅದರ ಮೆಮೊರಿ ಈಗಿನ ಒಂದು ಸಣ್ಣ ಫೋಟೊಗೂ ಸಾಲದಷ್ಟು. ಏನಾದರೂ ತೆಗೆಯಲೇಬೇಕಿತ್ತು. ಪ್ರೋಗ್ರಾಮಿನ ನಡುವೆ ನನ್ನ ಅನುಕೂಲಕ್ಕೆಂದು ಬರೆದುಕೊಂಡಿದ್ದ ಟಿಪ್ಪಣಿ ಸಾಲುಗಳಿದ್ದವು, ಆರು. ಒಂದೊಂದಾಗಿ ಅಳಿಸಿದೆ. ಆರನೆಯದು ಹೋದ ಮೇಲೆ ಆಟ ಸರಾಗವಾಗಿ ಓಡಿತು. ಕಂಡಕ್ಟರ್ ಕೈಬೀಸಿದ.

ಮಧ್ಯಾಹ್ನದ ಊಟದ ಹೊತ್ತು. ಕೋಣೆಯಲ್ಲಿ ನಾನೊಬ್ಬಳೇ. ಕೆಲಸ ಮುಗಿದಿತ್ತು, ಪ್ರೋಗ್ರಾಮನ್ನು ಉಳಿಸಿಡಲು ಟೇಪಿನ ಕ್ಯಾಸೆಟ್ಟಿಗೆ ತುಂಬಿಸಿ ಎದ್ದು ಹೋಗುವುದಷ್ಟೇ ಬಾಕಿ. ನಾನು ಇಪ್ಪತ್ತು ಎಂದು ಒತ್ತಿ ಎಂಟರ್ ಒತ್ತಿದೆ. ಸಾಲಿನ ನಂಬರು ಮಾತ್ರ ಒತ್ತಿ ಮುಂದೇನೂ ಬರೆಯದಿದ್ದರೆ ಆ ಸಾಲು ಅಳಿಸಿಹೋಗುತ್ತದೆ. ಮೂರು ಸಲ ಬೆರಳಾಡಿಸಿದ್ದಷ್ಟೇ. ಆಮೇಲೆ ಕ್ಯಾಸೆಟ್ಟಿಗೆ ತುಂಬಿಸಿದೆ.

ಕೈ ತಪ್ಪಿ ಒತ್ತಿದ್ದಲ್ಲ. ಹತ್ತನೇ ಸಾಲನ್ನು ನಾನು ಮುಟ್ಟಲಿಲ್ಲ.

ಕಡೂರಿಗೆ ಕಂಪ್ಯೂಟರನ್ನು ಬಾಡಿಗೆ ಜೀಪಿನಲ್ಲಿ ಒಯ್ದೆವು. ರತ್ನಕ್ಕ ಮನೆಯಿಂದ ಎರಡು ಕೌದಿ ತಂದು ಅದಕ್ಕೆ ಸುತ್ತಿ, ದಾರಿಯುದ್ದಕ್ಕೂ ಬಾಣಂತಿ ಮಗುವನ್ನು ಹಿಡಿದ ಹಾಗೆ ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದರು. ಬೀರೂರು ದಾಟುವಾಗ ಜೀಪು ಗುಂಡಿಗೆ ಇಳಿಯಿತು. "ನಿಧಾನ ಕಣಪ್ಪಾ, ಮೇಕೆ ಅವೆ ಒಳಗೆ!" ಎಂದು ಡ್ರೈವರಿಗೆ ಕೂಗಿದರು. ಆತ ಹಿಂತಿರುಗಿ ನೋಡಿ, ಎಲ್ಲೂ ಮೇಕೆ ಕಾಣದೆ ಕಕ್ಕಾಬಿಕ್ಕಿಯಾದ. ನಾವೆಲ್ಲ ನಕ್ಕೆವು, ನಾನೂ.

ಪ್ರದರ್ಶನದಲ್ಲಿ ನಮ್ಮ ಮೇಜಿನ ಮುಂದೆ ಬಾಗಿಲವರೆಗೆ ಸಾಲು. ಆಟವಾಡಿದವರೇ ಮತ್ತೆ ಹಿಂದೆ ಹೋಗಿ ನಿಲ್ಲುತ್ತಿದ್ದರು. ರತ್ನಕ್ಕ ಮಕ್ಕಳಿಗೆ ಚಿತ್ರಾನ್ನದ ಪೊಟ್ಟಣ ಹಂಚಲು ಹೊರಗೆ ಹೋಗಿದ್ದಾಗ ಸಾಹೇಬರು ಬಂದರು. ಕೂತು ಎರಡು ಸಲ ಆಡಿದರು. ಎರಡು ಸಲವೂ ಮೇಕೆ ಗುದ್ದಿತು. ಮಗುವಿನ ಹಾಗೆ ನಕ್ಕರು.

"ಪ್ರೋಗ್ರಾಂ ಮಾಡೋರು ಸಿಗ್ತಾರೆ. ಈ ಮೇಕೆ ನೋಡಿ, ಇದು ದೊಡ್ಡದು" ಎಂದು ಪರದೆಗೆ ಬೆರಳಿಟ್ಟರು. "ಚಿತ್ರ ಯಾರು ಬರೆದಿದ್ದು?"

"ನಾನೇ ಸಾರ್" ಎಂದೆ.

ಅವರು ಮತ್ತೇನೂ ಕೇಳಲಿಲ್ಲ. ಜೇಬಿನಿಂದ ಪುಸ್ತಕ ತೆಗೆದು ನನ್ನ ಹೆಸರು ಬರೆದುಕೊಂಡು ಹೋದರು.

ರತ್ನಕ್ಕ ತಿರುಗಿ ಬಂದಾಗ ಮುಂದಿನವರಿಗೆ ಆಟ ಮತ್ತೆ ಶುರುವಾಗುತ್ತಿತ್ತು. ಮೊದಲ ಪರದೆ ಬಂತು. ಅವರು ಬಾಗಿ ನೋಡಿದರು. ನಾನು ಕೇಳುವ ಮೊದಲೇ ಹೇಳಿಬಿಟ್ಟೆ: "ಜಾಗ ಸಾಲ್ಲಿಲ್ಲ ರತ್ನಕ್ಕ. ಕಂಡಕ್ಟರ್ ಸೇರಿಸಿದ್ವಲ್ಲ... ಮೆಮೊರಿ ತುಂಬಿಹೋಯ್ತು."

"ಹೌದೇನೇ? ಹೋಗ್ಲಿ ಬಿಡು, ಕಂಡಕ್ಟರ್ ಬಂದ್ನಲ್ಲ" ಎಂದರು. ನನ್ನ ಕೈಗೂ ಒಂದು ಪೊಟ್ಟಣ ಕೊಟ್ಟರು. ಬಿಸಿ ಇತ್ತು. ನಾನು ತಿಂದೆ.

ಆಮೇಲಿನದು ಬೇಗ ಬೇಗ ಆಯಿತು. ಮಕ್ಕಳಿಗೆ ಪಾಠದ ಆಟಗಳನ್ನು ಮಾಡುವ ಒಂದು ತಂಡಕ್ಕೆ ನನ್ನನ್ನು ಆರಿಸಿ ಚಿಕ್ಕಮಗಳೂರಿಗೆ ಕರೆಸಿಕೊಂಡರು. 'ಒಳ್ಳೆಯ ಚಿತ್ರಕಾರ್ತಿ' ಎಂದೇ ನನ್ನನ್ನು ಪರಿಚಯಿಸಿದರು. ಅಲ್ಲಿ ಚಿತ್ರ ಬರೆಯುವವರು ಬೇರೆ ಇದ್ದುದರಿಂದ ನನ್ನ ಬಂಡವಾಳ ಬಯಲಾಗಲಿಲ್ಲ. ಅದೇ ಬೇಸಿಗೆಯಲ್ಲಿ ಇತ್ತ ಶಾಲೆಯಲ್ಲಿ, ಕೋಣೆಯೇ ಇಲ್ಲದ ಹೊಲಿಗೆಗೆ ಟೀಚರ್ ಏಕೆ ಎಂದು ರತ್ನಕ್ಕನನ್ನು ಸಿಂಗಟಗೆರೆಗೆ ವರ್ಗ ಮಾಡಿದರು. ತರೀಕೆರೆಯ ಮನೆಯಿಂದ ಅಲ್ಲಿಗೆ ಎರಡು ಬಸ್ಸು ಬದಲಾಯಿಸಬೇಕು. ಆ ಸಾಹೇಬರಿಗೆ ನಾನೊಂದು ಮಾತು ಹೇಳಿದ್ದರೆ — ಚಿತ್ರ ಬರೆದವರು ಇವರು, ಕಂಪ್ಯೂಟರ್ ಕೋಣೆಯಲ್ಲಿ ಇವರು ಬೇಕು — ಎಂದಿದ್ದರೆ ವರ್ಗ ತಪ್ಪುತ್ತಿತ್ತೋ ಏನೋ. ಆ ಮಾತು ಹೇಳಬೇಕಾದರೆ ಮೊದಲಿನ ಸುಳ್ಳು ಒಪ್ಪಿಕೊಳ್ಳಬೇಕಿತ್ತು. ನಾನು ಸುಮ್ಮನಿದ್ದೆ.

ಹೀಗೇ ವರ್ಷಗಳು ಹೋದವು. ನನಗೆ ಬಡ್ತಿಗಳು ಬಂದವು. ಮದುವೆ, ಮಕ್ಕಳು, ನಿವೃತ್ತಿ. ಹಬ್ಬಕ್ಕೊಂದು ಕಾಗದ ಬರೆದುಕೊಳ್ಳುತ್ತಿದ್ದೆವು. ಆಮೇಲೆ ಅದೂ ನಿಂತಿತು. ನಿಲ್ಲಿಸಿದವಳು ನಾನು.

ಕಳೆದ ಡಿಸೆಂಬರಿನಲ್ಲಿ ಒಂದು ಫೋನ್ ಬಂತು. ಆ ವರ್ಷಗಳ ಹುಡುಗಿಯರೆಲ್ಲ ತರೀಕೆರೆಯಲ್ಲಿ ಸೇರುತ್ತಿದ್ದರು, ಹಳೆಯ ಟೀಚರುಗಳನ್ನು ಸನ್ಮಾನಿಸುತ್ತಾರಂತೆ. ಮಾತಾಡುತ್ತಿದ್ದವಳು ಈಗ ತಾನೇ ಅಜ್ಜಿಯಾದವಳು. ದನಿ ಮಾತ್ರ ಹಾಗೇ ಇತ್ತು. "ನಾನು ಕೆಳಗಿನ ಕ್ಲಾಸಲ್ಲಿದ್ದೆ ಮಿಸ್. ಆಟ ಆಡಿದ್ದು ಕಡೂರಲ್ಲೇ. ನೀವು ಬರೆದಿದ್ರಲ್ಲ ಆ ಮೇಕೆ, ಅದ್ರ ವಿಷ್ಯ ಸಭೇಲಿ ಹೇಳ್ಬೇಕು ನೀವು" ಎಂದಳು.

ನೀವು ಬರೆದಿದ್ರಲ್ಲ. ಫೋನ್ ಇಟ್ಟ ಮೇಲೆ ನನಗೆ ಕೂರಲಾಗಲಿಲ್ಲ. ರತ್ನಕ್ಕ ಎಲ್ಲಿದ್ದಾರೆ ಎಂದು ವಿಚಾರಿಸಿದೆ. ಕಡೂರಿನಲ್ಲಿ ಮಗಳ ಜೊತೆ ಇದ್ದರು. ಮಾರನೆಯ ಬೆಳಿಗ್ಗೆಯೇ ಹೊರಟೆ.

ಮಗಳು ಬಾಗಿಲು ತೆರೆದಳು. ರತ್ನಕ್ಕ ಹಜಾರದಲ್ಲಿ ಬಿಸಿಲು ಬೀಳುವ ಕಡೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು, "ಲೇ! ಬಸ್ ಸಿಕ್ತೇನೇ?" ಎಂದರು. ಅಷ್ಟು ವರ್ಷಗಳ ನಂತರ ಮೊದಲ ಮಾತು ಅದು. ಇಬ್ಬರೂ ನಕ್ಕೆವು. ಕಾಫಿ ಬಂತು. ನನಗೆ ಕುಡಿಯಲಾಗಲಿಲ್ಲ. ಲೋಟ ಕೆಳಗಿಟ್ಟು ಎಲ್ಲ ಹೇಳಿದೆ. ಆರು ಸಾಲು ತೆಗೆದ ಮೇಲೆ ಆಟ ಓಡಿದ್ದು, ಆದರೂ ಇಪ್ಪತ್ತನೇ ಸಾಲು ತೆಗೆದದ್ದು, ಸಾಹೇಬರು ಕೇಳಿದ್ದು, ನಾನು 'ನಾನೇ ಸಾರ್' ಎಂದದ್ದು.

ರತ್ನಕ್ಕನ ಕೈ ಅವರೆಕಾಯಿಯ ಮೇಲೆ ನಿಂತಿತು.

"ಆ ಸಾಹೇಬ್ರು ಮೇಕೆ ನೋಡಿ ಏನಂದ್ರು?" ಎಂದು ಕೇಳಿದರು.

"ಪ್ರೋಗ್ರಾಂ ಮಾಡೋರು ಸಿಗ್ತಾರೆ, ಈ ಮೇಕೆ ದೊಡ್ಡದು ಅಂದ್ರು."

"ಹಂಗಂದ್ರಾ?" ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿದರು. ಆಮೇಲೆ ಮೆಲ್ಲಗೆ ಹೇಳಿದರು: "ನಾನೇನು ಅಂದ್ಕೊಂಡಿದ್ದೆ ಗೊತ್ತೇನೇ? ಚಿತ್ರ ನಂದು ಅಂತ ನೀನು ಹೇಳಿರ್ತೀಯ, ಅವ್ರು ನೋಡವ್ರೆ, ಅವ್ರಿಗೆ ಹಿಡಿಸ್ಲಿಲ್ಲ, ಅದಕ್ಕೇ ನನ್ನ ಸಿಂಗಟಗೆರೆಗೆ ಹಾಕಿದ್ರು ಅಂತ. ಬಸ್ಸಲ್ಲಿ ದಿನಾ ಅದೇ ಯೋಚ್ನೆ. ಮೇಕೆ ಕತ್ತು ಸರಿಯಾಗಿರ್ಲಿಲ್ವೇನೋ, ಕಾಲು ಉದ್ದ ಆಯ್ತೇನೋ..."

ಇದು ನನಗೆ ಗೊತ್ತಿರಲಿಲ್ಲ. ನಾನು ಕಿತ್ತುಕೊಂಡದ್ದು ಒಂದು ಹೆಸರು, ಹೆಚ್ಚೆಂದರೆ ಒಂದು ಹುದ್ದೆ ಎಂದು ಲೆಕ್ಕ ಹಾಕಿಕೊಂಡಿದ್ದೆ. ತಮ್ಮ ಕೈಯ ಮೇಲೆ ಅವರಿಗಿದ್ದ ನಂಬಿಕೆಯನ್ನೇ ಕಿತ್ತಿದ್ದೆ. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಅವರಿಗೆ ತೋರಿಸುವುದೂ ಒಂದು ಬಗೆಯ ಬೇಡಿಕೆಯಾಗುತ್ತದೆ ಅನ್ನಿಸಿ ಮುಖ ತಿರುಗಿಸಿದೆ.

ರತ್ನಕ್ಕ ಮೊರವನ್ನು ಪಕ್ಕಕ್ಕೆ ಸರಿಸಿದರು. "ಚೆನ್ನಾಗಿತ್ತು ಅಂದ್ರಾ?" ಮತ್ತೆ ಕೇಳಿದರು.

"ಎರಡು ಸಲ ಆಡಿದ್ರು. ಮಗು ಥರ ನಕ್ರು."

ಅವರ ಮುಖದಲ್ಲಿ ನಗು ಹರಡುತ್ತಾ ಬಂತು — ನಿಧಾನವಾಗಿ, ತುಟಿಯಿಂದ ಕೆನ್ನೆಗೆ, ಕೆನ್ನೆಯಿಂದ ಕಣ್ಣಿಗೆ. ಒಳಗಿದ್ದ ಮಗಳನ್ನು ಕೂಗಿದರು: "ಏ ಬಾರೇ ಇಲ್ಲಿ! ನನ್ನ ಮೇಕೆ ದೊಡ್ಡದು ಅಂದಿದ್ರಂತೆ ಕಣೇ ಅವತ್ತಿನ ಸಾಹೇಬ್ರು!" ಮಗಳಿಗೆ ಏನೂ ತಿಳಿಯಲಿಲ್ಲ. ರತ್ನಕ್ಕನೇ ಅವಳಿಗೆ ಮೊದಲಿಂದ ಕಥೆ ಹೇಳಿದರು. ಅರ್ಧ ಬಸ್ಸು ಕುಪ್ಪಳಿಸಿದ್ದು, ಹೆಡ್ ಮೇಡಂ ನಕ್ಕಿದ್ದು, ಜೀಪಿನ ಡ್ರೈವರ್ ಮೇಕೆ ಹುಡುಕಿದ್ದು. ನನ್ನ ಸುಳ್ಳಿನ ಹತ್ತಿರ ಬಂದಾಗ ನಿಲ್ಲಿಸಿ, "ಮುಂದಿಂದು ನೀನೇ ಹೇಳು" ಎಂದರು. ನಾನು ಹೇಳಿದೆ.

ಹೊರಡುವಾಗ ಬಾಗಿಲವರೆಗೆ ಗೋಡೆ ಹಿಡಿದುಕೊಂಡು ಬಂದರು.

"ಸಭೇಲಿ ಇದ್ನ ಹೇಳ್ತೀಯಾ?"

"ಹೇಳ್ತೀನಿ ರತ್ನಕ್ಕ."

"ಮೈಕಲ್ಲಿ?"

"ಮೈಕಲ್ಲೇ."

"ಹಂಗಾದ್ರೆ ರೇಷ್ಮೆ ಸೀರೆ ಉಟ್ಕೊಂಡು ಬತ್ತೀನಿ" ಎಂದರು. ಆಮೇಲೆ ನಗದೆ ಸೇರಿಸಿದರು: "ಬಾಳ ತಡ ಮಾಡ್ಬಿಟ್ಟೆ ಸುಮಾ."

ಹೌದು.

ಸಭೆಯಿದ್ದ ಭಾನುವಾರ ಬೆಳಿಗ್ಗೆ ಅವರು ಬಂದರು, ಹಸಿರು ರೇಷ್ಮೆ ಸೀರೆಯಲ್ಲಿ, ಮಗಳ ತೋಳು ಹಿಡಿದು. ಮೊದಲ ಸಾಲಿನಲ್ಲಿ ನೆಟ್ಟಗೆ ಕೂತರು. ನನಗೆ ಶಾಲು ಹೊದಿಸಲು ಬಂದಾಗ ತಡೆದು, ಮೈಕು ಕೇಳಿ ತೆಗೆದುಕೊಂಡು ಹೇಳಿದೆ. ಯಾವ ಸಮಜಾಯಿಷಿಯನ್ನೂ ಸೇರಿಸಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಯಾರೋ, ಆ ಕೋಣೆಯಲ್ಲಿ ನೆಲದ ಮೇಲೆ ಕೂತು ನಕ್ಕಿದ್ದವಳೇ ಇರಬೇಕು, ಎದ್ದು ನಿಂತು, "ನಮಗೆ ಗೊತ್ತಿತ್ತು ಮಿಸ್! ಅದು ರತ್ನಮ್ಮ ಟೀಚರ್ ಆಟ!" ಎಂದು ಕೂಗಿದಳು. ಇಡೀ ಸಭೆ ಎದ್ದು ರತ್ನಕ್ಕನ ಕಡೆ ತಿರುಗಿ ಚಪ್ಪಾಳೆ ಹೊಡೆಯಿತು. ಅವರು ಮೊದಲು ತಲೆ ತಗ್ಗಿಸಿದರು. ಆಮೇಲೆ ಮದುಮಗಳ ಹಾಗೆ ಸೆರಗು ಸರಿಮಾಡಿಕೊಂಡು ಎದ್ದು ನಿಂತು, ಹಿಂತಿರುಗಿ ಎಲ್ಲರಿಗೂ ಕೈ ಮುಗಿದರು. ಆ ಚಪ್ಪಾಳೆ ಕಡೂರಿನಲ್ಲೇ ಅವರಿಗೆ ಸಿಗಬೇಕಿತ್ತು.

ನಾನು ವೇದಿಕೆಯಿಂದ ಇಳಿದುಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಕ್ಷಮಿಸಿದಿರಾ ಎಂದು ನಾನು ಕೇಳಲಿಲ್ಲ. ಕ್ಷಮಿಸಿದೆ ಎಂದು ಅವರೂ ಹೇಳಲಿಲ್ಲ. ಮಾತಾಡಿಸಲು ಬಂದ ಹುಡುಗಿಯರು ಅವರನ್ನು ಮುತ್ತಿಕೊಂಡರು, ನಾನು ಎದ್ದು ಅವರಿಗೆ ಜಾಗ ಬಿಟ್ಟು ನಿಂತೆ.